ಪ್ರಯೋಗದಲ್ಲಿ ಚರಾಂಶ, ನಿಯಂತ್ರಣ ಮತ್ತು ಪ್ರಾಕ್ಕಲ್ಪನೆ

ವೈಜ್ಞಾನಿಕ ಪ್ರಯೋಗವೊಂದರಲ್ಲಿ ಬದಲಾಗಬಲ್ಲ ಪ್ರತಿಯೊಂದು ಅಂಶವನ್ನು ಚರಾಂಶ ಎಂದು ಕರೆಯಲಾಗುತ್ತದೆ. ಎರಡು ಚರಾಂಶಗಳ ನಡುವೆ ಇರಬಹುದಾದ ಸಂಬಂಧದ ಕುರಿತು ಪ್ರಯೋಗಕ್ಕೆ ಮೊದಲೇ ಮಾಡಿಕೊಳ್ಳುವ, ಪರೀಕ್ಷೆಗೆ ಒಳಪಡಿಸಬಹುದಾದ ಊಹೆಯೇ ಪ್ರಾಕ್ಕಲ್ಪನೆ. ಪರೀಕ್ಷಿಸಬೇಕಾದ ಅಂಶವೊಂದನ್ನು ಬಿಟ್ಟು ಉಳಿದೆಲ್ಲದರಲ್ಲೂ ಸಮನಾಗಿರುವಂತೆ, ಹೋಲಿಕೆಗಾಗಿ ಇರಿಸುವ ಜೋಡಣೆಗೆ ನಿಯಂತ್ರಣ ಎಂದು ಹೆಸರು. ಫಲಿತಾಂಶದಲ್ಲಿ ಕಂಡುಬಂದ ವ್ಯತ್ಯಾಸಕ್ಕೆ ಕಾರಣ ಯಾವುದು ಎಂದು ಹೇಳಲು ಈ ಮೂರೂ ಸ್ಪಷ್ಟವಾಗಿರಬೇಕಾಗುತ್ತದೆ.

ಪ್ರಾಕ್ಕಲ್ಪನೆ

ಪ್ರಾಕ್ಕಲ್ಪನೆಯು ಕೇವಲ ಪ್ರಶ್ನೆಯಲ್ಲ, ಅಭಿಪ್ರಾಯವೂ ಅಲ್ಲ. "ಗಿಡಗಳಿಗೆ ಗಾಳಿ ಒಳ್ಳೆಯದು" ಎಂಬ ಹೇಳಿಕೆಯನ್ನು ಪರೀಕ್ಷಿಸುವುದು ಕಷ್ಟ; ಏಕೆಂದರೆ "ಒಳ್ಳೆಯದು" ಎಂಬುದನ್ನು ಹೇಗೆ ಅಳೆಯಬೇಕೆಂದು ಅದು ತಿಳಿಸುವುದಿಲ್ಲ. "ಇಂಗಾಲದ ಡೈಆಕ್ಸೈಡ್ ದೊರೆಯದಿದ್ದರೆ ಎಲೆಯಲ್ಲಿ ಪಿಷ್ಟ ತಯಾರಾಗುವುದಿಲ್ಲ" ಎಂಬುದು ಪ್ರಾಕ್ಕಲ್ಪನೆ. ಇದರಲ್ಲಿ ಕಾರಣವೆಂದು ಭಾವಿಸಿದ ಅಂಶವೂ ಪರಿಣಾಮವೆಂದು ಭಾವಿಸಿದ ಅಂಶವೂ ಇವೆ. ಅಲ್ಲದೆ, ಅದು ತಪ್ಪಾಗಿದ್ದರೆ ಪ್ರಯೋಗದಲ್ಲಿ ಏನು ಕಾಣಿಸಬೇಕೆಂಬುದೂ ಮೊದಲೇ ತಿಳಿದಿರುತ್ತದೆ.

ಚರಾಂಶಗಳ ವಿಧಗಳು

- ಸ್ವತಂತ್ರ ಚರಾಂಶ: ಪ್ರಯೋಗ ಮಾಡುವವರು ಉದ್ದೇಶಪೂರ್ವಕವಾಗಿ ಬದಲಾಯಿಸುವ ಅಂಶ.
- ಅವಲಂಬಿತ ಚರಾಂಶ: ಆ ಬದಲಾವಣೆಯ ಪರಿಣಾಮವನ್ನು ತಿಳಿಯಲು ಗಮನಿಸುವ ಅಥವಾ ಅಳೆಯುವ ಅಂಶ.
- ನಿಯಂತ್ರಿತ ಚರಾಂಶಗಳು: ಫಲಿತಾಂಶದ ಮೇಲೆ ಪ್ರಭಾವ ಬೀರಬಹುದಾದ್ದರಿಂದ ಎಲ್ಲ ಜೋಡಣೆಗಳಲ್ಲೂ ಒಂದೇ ರೀತಿ ಇರಿಸುವ ಅಂಶಗಳು.

ನಿಯಂತ್ರಿತ ಚರಾಂಶ ಮತ್ತು ನಿಯಂತ್ರಣ ಎಂಬ ಪದಗಳನ್ನು ವಿದ್ಯಾರ್ಥಿಗಳು ಒಂದೇ ಎಂದು ಭಾವಿಸುವುದುಂಟು. ಮೊದಲನೆಯದು ಬೆಳಕು, ಉಷ್ಣತೆ, ನೀರಿನ ಪ್ರಮಾಣದಂತಹ ಅಂಶ. ಎರಡನೆಯದು ಹೋಲಿಕೆಗಾಗಿ ಇರಿಸಿದ ಇಡೀ ಜೋಡಣೆ.

ರೆಡಿಯ ಪ್ರಯೋಗ

ನಿಯಂತ್ರಣದ ಮಹತ್ವವನ್ನು ತೋರಿಸುವ ಪ್ರಸಿದ್ಧ ಉದಾಹರಣೆಯನ್ನು ಇಟಲಿಯ ವೈದ್ಯ ಫ್ರಾನ್ಸೆಸ್ಕೊ ರೆಡಿ 1668ರಲ್ಲಿ ಪ್ರಕಟಿಸಿದನು. ಕೊಳೆಯುವ ಮಾಂಸದಿಂದ ಹುಳುಗಳು ತಾವಾಗಿಯೇ ಹುಟ್ಟುತ್ತವೆ ಎಂಬ ನಂಬಿಕೆ ಆ ಕಾಲದಲ್ಲಿ ವ್ಯಾಪಕವಾಗಿತ್ತು. ಹುಳುಗಳು ಬರುವುದು ನೊಣಗಳು ಇಟ್ಟ ಮೊಟ್ಟೆಗಳಿಂದ ಎಂಬುದು ರೆಡಿಯ ಪ್ರಾಕ್ಕಲ್ಪನೆಯಾಗಿತ್ತು. ಅವನು ಕೆಲವು ಪಾತ್ರೆಗಳಲ್ಲಿ ಮಾಂಸ, ಮೀನು ಮುಂತಾದವುಗಳನ್ನು ಹಾಕಿ ಬಾಯಿಯನ್ನು ತೆರೆದಿಟ್ಟನು. ಅಷ್ಟೇ ಸಂಖ್ಯೆಯ ಬೇರೆ ಪಾತ್ರೆಗಳಲ್ಲಿ ಅವೇ ಪದಾರ್ಥಗಳನ್ನು ಹಾಕಿ ಬಾಯಿಯನ್ನು ಬಿಗಿಯಾಗಿ ಮುಚ್ಚಿದನು. ತೆರೆದ ಪಾತ್ರೆಗಳಲ್ಲಿ ಹುಳುಗಳು ಕಂಡವು, ಮುಚ್ಚಿದವುಗಳಲ್ಲಿ ಕಾಣಲಿಲ್ಲ.

ಆದರೆ ಈ ಹೋಲಿಕೆಯಲ್ಲಿ ಒಂದು ಕೊರತೆಯಿತ್ತು. ಬಿಗಿಯಾಗಿ ಮುಚ್ಚಿದ ಪಾತ್ರೆಗೆ ನೊಣಗಳಷ್ಟೇ ಅಲ್ಲ, ಹೊಸ ಗಾಳಿಯೂ ಹೋಗುವಂತಿರಲಿಲ್ಲ. ಹೀಗೆ ಎರಡು ಅಂಶಗಳು ಒಟ್ಟಿಗೆ ಬದಲಾಗಿದ್ದರಿಂದ, ಗಾಳಿಯಿಲ್ಲದೆ ಹುಳುಗಳು ಹುಟ್ಟಲಿಲ್ಲ ಎಂದು ಯಾರಾದರೂ ವಾದಿಸಬಹುದಾಗಿತ್ತು. ಆದ್ದರಿಂದ ರೆಡಿ ಮತ್ತೊಂದು ಪ್ರಯೋಗದಲ್ಲಿ ಪಾತ್ರೆಗಳ ಬಾಯಿಗೆ ತೆಳುವಾದ ಜಾಲರಿ ಬಟ್ಟೆಯನ್ನು ಕಟ್ಟಿದನು. ಗಾಳಿ ಒಳಗೆ ಹೋಯಿತು, ನೊಣಗಳು ಹೋಗಲಿಲ್ಲ. ಮಾಂಸದಲ್ಲಿ ಹುಳುಗಳೂ ಕಾಣಲಿಲ್ಲ. ಇಲ್ಲಿ ಮಾಂಸಕ್ಕೆ ನೊಣಗಳ ಸಂಪರ್ಕವು ಸ್ವತಂತ್ರ ಚರಾಂಶ. ಹುಳುಗಳು ಕಾಣಿಸಿಕೊಳ್ಳುವುದು ಅವಲಂಬಿತ ಚರಾಂಶ. ಮಾಂಸದ ಬಗೆ, ಗಾಳಿ ಮತ್ತು ಕಾಲಾವಧಿ ನಿಯಂತ್ರಿತ ಚರಾಂಶಗಳು. ತೆರೆದ ಪಾತ್ರೆಯೇ ನಿಯಂತ್ರಣ.

ಶಾಲಾ ಪ್ರಯೋಗದಲ್ಲಿ ಅನ್ವಯ

ದ್ಯುತಿಸಂಶ್ಲೇಷಣೆಗೆ ಇಂಗಾಲದ ಡೈಆಕ್ಸೈಡ್ ಅಗತ್ಯವೆಂದು ತೋರಿಸುವ ಪ್ರಯೋಗವು ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ಪರಿಚಿತವಾದುದು. ಒಂದೇ ಜಾತಿಯ, ಸಮ ಗಾತ್ರದ ಎರಡು ಕುಂಡದ ಗಿಡಗಳನ್ನು ಮೂರು ದಿನ ಕತ್ತಲೆಯಲ್ಲಿ ಇಡಲಾಗುತ್ತದೆ. ಇದರಿಂದ ಎಲೆಗಳಲ್ಲಿ ಮೊದಲೇ ಇದ್ದ ಪಿಷ್ಟ ಬಳಕೆಯಾಗಿ, ಎರಡೂ ಗಿಡಗಳು ಸಮಾನ ಸ್ಥಿತಿಗೆ ಬರುತ್ತವೆ. ಬಳಿಕ ಪ್ರತಿ ಗಿಡವನ್ನೂ ಗಾಳಿಯಾಡದ ಗಾಜಿನ ಜಾಡಿಯಿಂದ ಮುಚ್ಚಿ, ಒಂದರ ಪಕ್ಕದಲ್ಲಿ ಮಾತ್ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಇರುವ ಗಾಜಿನ ಬಟ್ಟಲನ್ನು ಇಡಲಾಗುತ್ತದೆ. ಅದು ಜಾಡಿಯೊಳಗಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ. ಎರಡನ್ನೂ ಕೆಲವು ಗಂಟೆ ಬಿಸಿಲಿನಲ್ಲಿಟ್ಟು, ಒಂದೊಂದು ಎಲೆಯನ್ನು ಕಿತ್ತು, ಅದರ ಪತ್ರಹರಿತ್ತನ್ನು ತೆಗೆದು ಅಯೋಡಿನ್ ದ್ರಾವಣದಿಂದ ಪರೀಕ್ಷಿಸಲಾಗುತ್ತದೆ. ಪಿಷ್ಟವಿದ್ದರೆ ಎಲೆ ನೀಲಿಗಪ್ಪು ಬಣ್ಣ ತಾಳುತ್ತದೆ.

ಇಲ್ಲಿ ಸ್ವತಂತ್ರ ಚರಾಂಶ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಅಲ್ಲ, ಇಂಗಾಲದ ಡೈಆಕ್ಸೈಡ್‌ನ ಲಭ್ಯತೆ. ರಾಸಾಯನಿಕವು ಅದನ್ನು ಬದಲಾಯಿಸುವ ಸಾಧನ ಮಾತ್ರ. ಅದೇ ರೀತಿ, ಅವಲಂಬಿತ ಚರಾಂಶ ಎಲೆಯಲ್ಲಿರುವ ಪಿಷ್ಟ. ಅಯೋಡಿನ್ ನೀಡುವ ಬಣ್ಣವು ಅದರ ಸೂಚಕ. ಬೆಳಕು, ನೀರು, ಉಷ್ಣತೆ ಮತ್ತು ಜಾಡಿಯ ಗಾತ್ರ ನಿಯಂತ್ರಿತ ಚರಾಂಶಗಳು. ರಾಸಾಯನಿಕವಿಲ್ಲದ ಜಾಡಿಯಲ್ಲಿರುವ ಗಿಡವು ನಿಯಂತ್ರಣ. ಎರಡನೆಯ ಜಾಡಿಯಲ್ಲೂ ಅಷ್ಟೇ ನೀರು ತುಂಬಿದ ಬಟ್ಟಲನ್ನು ಇಟ್ಟರೆ ಹೋಲಿಕೆ ಇನ್ನಷ್ಟು ನಿಖರವಾಗುತ್ತದೆ. ರೆಡಿಯ ಜಾಲರಿ ಬಟ್ಟೆಯ ಹಿಂದಿದ್ದ ತರ್ಕವೇ ಇಲ್ಲಿಯೂ ಇದೆ.

ಫಲಿತಾಂಶದ ವಿಶ್ಲೇಷಣೆ

ಒಂದೇ ಬಾರಿಯ ಪ್ರಯೋಗದಲ್ಲಿ ರೋಗಪೀಡಿತ ಗಿಡ ಅಥವಾ ಸರಿಯಾಗಿ ಮುಚ್ಚದ ಜಾಡಿಯಿಂದ ತಪ್ಪು ಫಲಿತಾಂಶ ಬರಬಹುದು. ಆದ್ದರಿಂದ ಹಲವು ಗಿಡಗಳನ್ನು ಬಳಸುವುದು ಮತ್ತು ಪ್ರಯೋಗವನ್ನು ಪುನರಾವರ್ತಿಸುವುದು ಅಗತ್ಯ. ನಿಯಂತ್ರಣದ ಗಿಡದಲ್ಲಿಯೇ ಪಿಷ್ಟ ಕಾಣದಿದ್ದರೆ ಆ ಪ್ರಯೋಗದಿಂದ ಯಾವ ತೀರ್ಮಾನಕ್ಕೂ ಬರಲಾಗದು. ಬೆಳಕು ಸಾಲದಿದ್ದಿರಬಹುದು ಅಥವಾ ಪರೀಕ್ಷೆಯ ಕ್ರಮ ತಪ್ಪಿರಬಹುದು. ಎಲ್ಲವೂ ಸರಿಯಾಗಿದ್ದು ಫಲಿತಾಂಶವು ಪ್ರಾಕ್ಕಲ್ಪನೆಗೆ ವಿರುದ್ಧವಾಗಿ ಬಂದರೆ ಪ್ರಯೋಗ ವಿಫಲವಾಯಿತೆಂದು ಅರ್ಥವಲ್ಲ. ಕಂಡದ್ದನ್ನು ಕಂಡಂತೆಯೇ ದಾಖಲಿಸಿ, ಪ್ರಾಕ್ಕಲ್ಪನೆಯನ್ನು ಕೈಬಿಡುವುದು ಅಥವಾ ತಿದ್ದಿ ಮತ್ತೆ ಪರೀಕ್ಷಿಸುವುದು ವೈಜ್ಞಾನಿಕ ವಿಧಾನದ ಭಾಗವಾಗಿದೆ.