ತಕ್ಕಡಿಯ ತೂಕ ಸಾಕೇ?

ಪ್ರಶ್ನೆ: ನಮ್ಮಣ್ಣನ ಎತ್ತರ 165 ಸೆಂ.ಮೀ., ತೂಕ 96 ಕೆ.ಜಿ. ಬೊಜ್ಜಿನ ಆಪರೇಷನ್ ಬೇಕೋ ಬೇಡವೋ ಎಂದು ಡಾಕ್ಟರು ಹೇಗೆ ನಿರ್ಧರಿಸುತ್ತಾರೆ?
— ಓದುಗರೊಬ್ಬರು, ಶ್ರೀರಾಮನಗರ

ಉತ್ತರ: ಮೊದಲ ಲೆಕ್ಕ ಬಿಎಂಐ. ಕಿಲೋ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿ. ನಿಮ್ಮಣ್ಣನದು ಸುಮಾರು 35.3. 2022ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ 35 ದಾಟಿದವರಿಗೆ ಬೇರೆ ಕಾಯಿಲೆ ಇಲ್ಲದಿದ್ದರೂ ಶಸ್ತ್ರಚಿಕಿತ್ಸೆ ಸೂಚಿಸಬಹುದು. ಏಷ್ಯಾದವರಿಗೆ ಈ ಗಡಿ ಇನ್ನೂ ಕೆಳಗೆ, 27.5ರಿಂದಲೇ ಶುರು.

ನಮಗೇಕೆ ಬೇರೆ ಗಡಿ? ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಬ್ರಿಟನ್ನಿನ ವೈದ್ಯ ಯಡ್ಕಿನ್ 2004ರಲ್ಲಿ ತಮ್ಮದೇ ಫೋಟೊ ಪ್ರಕಟಿಸಿದರು. ಇಬ್ಬರ ಬಿಎಂಐ 22.3. ಆದರೆ ಯಾಜ್ಞಿಕರ ಮೈಯಲ್ಲಿ ಕೊಬ್ಬು ಶೇ. 21.2, ಯಡ್ಕಿನ್‌ರಲ್ಲಿ ಬರೀ ಶೇ. 9.1! ನಮ್ಮವರ ಕೊಬ್ಬು ಹೊಟ್ಟೆಯೊಳಗೆ ಅಡಗಿ, ಸಕ್ಕರೆ ಕಾಯಿಲೆಯನ್ನು ಬೇಗ ತರುತ್ತದೆ.

ಉಲ್ಟಾ ಕೂಡ ನಿಜ. ನಿಮ್ಮೂರ ರೈಸ್ ಮಿಲ್ಲಿನಲ್ಲಿ ಭತ್ತದ ಚೀಲ ಹೊರುವ ಹಮಾಲರ ತೂಕದಲ್ಲಿ ಮಾಂಸಖಂಡದ ಪಾಲು ದೊಡ್ಡದು. ಬಿಎಂಐಗೆ ಆ ವ್ಯತ್ಯಾಸ ತಿಳಿಯದು. ಅದಕ್ಕೇ ಸೊಂಟಕ್ಕೆ ಟೇಪು ಹಿಡಿಯಬೇಕು: ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟಾಗ. ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಮುಟ್ಟಿದರೆ ಎಚ್ಚರ.

ಇಷ್ಟರಿಂದಲೇ ಆಪರೇಷನ್ ತೀರ್ಮಾನವಾಗದು, ಆಗಲೂಬಾರದು. ಸಕ್ಕರೆ, ಬಿಪಿ, ಲಿವರಿನ ಕೊಬ್ಬು, ನಿದ್ದೆಯಲ್ಲಿ ಉಸಿರುಗಟ್ಟುವುದು, ಮಂಡಿನೋವು, ಈವರೆಗೆ ಮಾಡಿದ ಪಥ್ಯ ಎಲ್ಲವನ್ನೂ ವೈದ್ಯರು ತೂಗುತ್ತಾರೆ. ಆಪರೇಷನ್ ಆದಮೇಲೂ ವಿಟಮಿನ್ ಮಾತ್ರೆ, ತಪಾಸಣೆ ಜೀವನಪೂರ್ತಿ ಬೇಕು. ಅಣ್ಣನಿಗೆ ಜೋರು ಗೊರಕೆಯಿದ್ದರೆ ಅದನ್ನು ಡಾಕ್ಟರಿಗೆ ಮರೆಯದೆ ಹೇಳಿ.