ಕೇಡಗಾಂವದ ಪ್ರಾರ್ಥನೆ, ಕೇಡಗಾಂವದ ದುಡಿಮೆ

ಜೆರುಸಲೇಮಿನ ಮೊದಲ ಕ್ರೈಸ್ತ ಸಭೆಯಲ್ಲಿ ಬಹುಬೇಗ ಎದ್ದ ತಕರಾರು ಊಟದ್ದು. ದಿನದ ಆಹಾರ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸುತ್ತಾರೆಂಬ ದೂರು ಬಂತು. ಹಂಚಿಕೆಗೆ ಏಳು ಮಂದಿಯನ್ನು ನೇಮಿಸಿ, ಅಪೊಸ್ತಲರು ಪ್ರಾರ್ಥನೆಗೂ ವಾಕ್ಯಸೇವೆಗೂ ನಿಂತರು ಎನ್ನುತ್ತದೆ ‘ಅಪೊಸ್ತಲರ ಕೃತ್ಯಗಳು’ ಗ್ರಂಥದ 6ನೇ ಅಧ್ಯಾಯ. ಸಭಾಪಾಲಕರಿಗೆ ಪ್ರಾರ್ಥನೆಯೇ ಮೊದಲ ಕೆಲಸ ಎನ್ನುವವರು ಇಂದಿಗೂ ಈ ಅಧ್ಯಾಯವನ್ನು ಎತ್ತಿ ತೋರಿಸುತ್ತಾರೆ.

ವಿಧವೆಯರ ಊಟವನ್ನೂ ಪ್ರಾರ್ಥನೆಯನ್ನೂ ಒಂದೇ ಸೂರಿನಡಿ ನಡೆಸಿದವರೂ ಇದ್ದಾರೆ. ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ ಅಂಥವರು.

ಹೆತ್ತವರನ್ನು ಬರಗಾಲ ನುಂಗಿತು. ಸಂಸ್ಕೃತ ಪಾಂಡಿತ್ಯ ಕಲ್ಕತ್ತೆಯಲ್ಲಿ ‘ಪಂಡಿತಾ’ ಬಿರುದು ತಂದಿತು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನವಾಯಿತು. 1896ರ ಬರಗಾಲದಲ್ಲಿ ಹಸಿದ ಹೆಣ್ಣುಮಕ್ಕಳನ್ನು ಹುಡುಕಿ ಕರೆತಂದು ಪುಣೆ ಬಳಿಯ ಕೇಡಗಾಂವದಲ್ಲಿ ಇರಿಸಿದರು. ಅದೇ ಮುಕ್ತಿ ಮಿಷನ್. ಅದರ ಪತ್ರಿಕೆಗೆ ಇಟ್ಟ ಹೆಸರು ‘ಮುಕ್ತಿ ಪ್ರೇಯರ್ ಬೆಲ್’. ಅಲ್ಲಿನ ದಿನಚರಿ ಯಾವುದರ ಸುತ್ತ ತಿರುಗುತ್ತಿತ್ತೆಂದು ಹೇಳಲು ಅಷ್ಟು ಸಾಕು.

1905ರ ಜನವರಿಯಲ್ಲಿ ರಮಾಬಾಯಿ ಬೆಳಗಿನ ಪ್ರಾರ್ಥನಾ ಕೂಟ ಆರಂಭಿಸಿದರು. ಬಂದವರು ಸುಮಾರು 70 ಮಂದಿ. ಬೇಡಿಕೆ ಕಟ್ಟಡಕ್ಕಾಗಿಯೋ ಹಣಕ್ಕಾಗಿಯೋ ಅಲ್ಲ, ಭಾರತದ ಕ್ರೈಸ್ತರೇ ನಿಜವಾಗಿ ಮನಸ್ಸು ತಿರುಗಿಸಿಕೊಳ್ಳಲಿ ಎಂದು. ಆರು ತಿಂಗಳಲ್ಲಿ ಸುಮಾರು 550 ಮಂದಿ ದಿನಕ್ಕೆರಡು ಬಾರಿ ಸೇರತೊಡಗಿದರು. ಜೂನ್ ಕೊನೆಗೆ ಅಲ್ಲಿ ಉಜ್ಜೀವನ ಭುಗಿಲೆದ್ದಿತು: ಪಾಪ ನೆನೆದು ಅತ್ತರು, ನೂರಾರು ಜನ ಒಟ್ಟಿಗೇ ದನಿಯೆತ್ತಿ ಪ್ರಾರ್ಥಿಸಿದರು. ಗಂಭೀರವಾದ ಆರಾಧನೆಗೆ ಒಗ್ಗಿದ್ದ ಕೆಲವು ಮಿಷನರಿಗಳಿಗೆ ಈ ಗದ್ದಲ ಹಿಡಿಸಲಿಲ್ಲ. ಭಾರತೀಯ ಕ್ರೈಸ್ತರು ತಮಗೆ ಒಗ್ಗುವ ರೀತಿಯಲ್ಲಿ ಪ್ರಾರ್ಥಿಸಲಿ ಎಂಬುದು ರಮಾಬಾಯಿಯ ನಿಲುವು. ಆ ಕಾಲಕ್ಕೆ ಅದು ದಿಟ್ಟ ಮಾತೇ ಸರಿ.

ಕೂಟಕ್ಕೆ ಬಂದ ತರುಣಿಯರು ಗುಂಪುಗುಂಪಾಗಿ ಸುತ್ತಲ ಹಳ್ಳಿಗಳಿಗೆ ಸುವಾರ್ತೆ ಸಾರಲು ಹೊರಟರು. ಸುದ್ದಿ ಇನ್ನೂ ದೂರ ಹೋಯಿತು. ಮುಕ್ತಿಯಲ್ಲಿದ್ದ ಮಿನ್ನೀ ಏಬ್ರಮ್ಸ್ ಬರೆದ ಪುಟ್ಟ ಪುಸ್ತಕವೊಂದು ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿದ್ದ ಹೂವರ್ ದಂಪತಿಯ ಕೈಸೇರಿ, 1909ರಲ್ಲಿ ಅಲ್ಲಿ ಎದ್ದ ಪೆಂಟೆಕೊಸ್ತ್ ಚಳವಳಿಗೆ ಪ್ರೇರಣೆಯಾಯಿತು.

ಪ್ರಾರ್ಥನೆಯಿಂದ ದುಡಿಮೆ ನಿಲ್ಲಲಿಲ್ಲ ಎಂಬುದೇ ಈ ಕಥೆಯ ತಿರುಳು. ನೇಯ್ಗೆ, ತೋಟ, ಹೈನು, ಅಂಧರಿಗೆ ಬ್ರೈಲ್ ಪಾಠ ಎಲ್ಲವೂ ಅಲ್ಲಿದ್ದವು. ಮಗಳು ಮನೋರಮಾ ನಮ್ಮ ಗುಲ್ಬರ್ಗದಲ್ಲಿ ಶಾಲೆ ನಡೆಸಿದರು. ರಮಾಬಾಯಿ ಹೀಬ್ರೂ, ಗ್ರೀಕ್ ಮೂಲಗಳಿಂದ ಬೈಬಲನ್ನು ಸರಳ ಮರಾಠಿಗೆ ತಂದರು. ಮುಕ್ತಿಯ ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದವರು ಅಲ್ಲಿನ ಹೆಣ್ಣುಮಕ್ಕಳೇ. ರಮಾಬಾಯಿ 1922ರ ಏಪ್ರಿಲ್ 5ರಂದು ತೀರಿಕೊಂಡರು, ಪೂರ್ಣ ಬೈಬಲ್ 1924ರಲ್ಲಿ ಹೊರಬಂತು. ನಿರ್ಗತಿಕ ಹೆಂಗಸರಿಗೂ ಮಕ್ಕಳಿಗೂ ಕೇಡಗಾಂವದ ಆ ಸಂಸ್ಥೆ ಇಂದಿಗೂ ಆಸರೆಯಾಗಿದೆ.