ಗರ್ವಭಂಗದ ದೇವತೆಯೂ ಕಡಲಂಚಿನ ಕೋಟೆಯೂ

ಗ್ರೀಸ್ ದೇಶಕ್ಕೆ ಹೋದವರು ಅಥೆನ್ಸಿನ ಅಕ್ರೊಪೊಲಿಸನ್ನು ಕಂಡು ಕೃತಾರ್ಥರಾಗಿ ಮರಳುವುದು ವಾಡಿಕೆ. ಆದರೆ ಅಟ್ಟಿಕಾ ಪ್ರಾಂತದ ಈಶಾನ್ಯ ಕರಾವಳಿಯಲ್ಲಿ, ಮ್ಯಾರಥಾನ್ ಬಯಲಿಗೆ ಉತ್ತರದಲ್ಲಿ, ರಾಮ್ನೂಸ್ ಎಂಬ ಹಾಳುಕೋಟೆಯೊಂದಿದೆ. ವಿಚಾರಪರರಿಗೆ ಅದು ಅವಶ್ಯ ದರ್ಶನೀಯವಾದ ಸ್ಥಳ.

ಅಲ್ಲಿ ಮೊದಲು ಎದುರಾಗುವುದು ನೆಮೆಸಿಸ್ ದೇವತೆಯ ಕ್ಷೇತ್ರ. ಮಿತಿಮೀರಿದ ಅಹಂಕಾರಕ್ಕೆ ತಕ್ಕ ಶಾಸ್ತಿ ಮಾಡುವವಳೆಂದು ಗ್ರೀಕರು ಆಕೆಯನ್ನು ಪೂಜಿಸುತ್ತಿದ್ದರು. ಕ್ರಿ.ಪೂ. 5ನೆಯ ಶತಮಾನದ ಉತ್ತರಾರ್ಧದಲ್ಲಿ ಎದ್ದ ಆಕೆಯ ಅಮೃತಶಿಲೆಯ ಗುಡಿಯಲ್ಲಿ ಇಂದು ಉಳಿದಿರುವುದು ಜಗತಿ ಮತ್ತು ಕಂಬಗಳ ತುಂಡುಗಳು ಮಾತ್ರ. ಆ ಕಂಬಗಳ ಕೆತ್ತನೆ ಎಂದೂ ಪೂರ್ಣಗೊಳ್ಳಲಿಲ್ಲ.

ಇಲ್ಲಿದ್ದ ವಿಗ್ರಹದ ಬಗ್ಗೆ ಕ್ರಿ.ಶ. 2ನೆಯ ಶತಮಾನದ ಪ್ರವಾಸಿ ಪೌಸಾನಿಯಸ್ ಒಂದು ಐತಿಹ್ಯವನ್ನು ದಾಖಲಿಸಿದ್ದಾನೆ. ಕ್ರಿ.ಪೂ. 490ರಲ್ಲಿ ಮ್ಯಾರಥಾನಿಗೆ ದಂಡೆತ್ತಿ ಬಂದ ಪರ್ಷಿಯನ್ನರು, ಜಯ ತಮ್ಮದೇ ಎಂಬ ಸೊಕ್ಕಿನಿಂದ, ವಿಜಯಸ್ಮಾರಕಕ್ಕೆಂದು ಪರೋಸ್ ದ್ವೀಪದ ಶಿಲೆಯನ್ನು ಜೊತೆಯಲ್ಲೇ ತಂದಿದ್ದರಂತೆ. ಅವರು ಸೋತು ಓಡಿದರು. ಆ ಕಲ್ಲೇ ನೆಮೆಸಿಸಳ ಮೂರ್ತಿಯಾಯಿತು! ಪೌಸಾನಿಯಸ್ ಅದನ್ನು ಫಿಡಿಯಾಸನ ಕೃತಿಯೆಂದರೂ, ಆತನ ಶಿಷ್ಯ ಅಗೊರಾಕ್ರಿಟೋಸನದೆಂಬುದು ವಿದ್ವಾಂಸರ ಮತ.

ಕ್ಷೇತ್ರದಿಂದ ಕಡಲಿನತ್ತ ಇಳಿಯುವ ಹಾದಿಯ ಇಕ್ಕೆಲಗಳಲ್ಲಿಯೂ ಗತಿಸಿದ ಕುಟುಂಬಗಳ ಸಮಾಧಿಗಳಿವೆ. ಹಾದಿ ಮುಗಿಯುವಲ್ಲಿ ಕೋಟೆ. ಅದರೊಳಗೆ ಬರಿಯ ಸೈನಿಕರಷ್ಟೇ ಇರಲಿಲ್ಲ. ಮನೆಗಳಿದ್ದವು, ಬೀದಿಗಳಿದ್ದವು, ಪುಟ್ಟ ರಂಗಮಂದಿರವೂ ಇತ್ತು. ಕೆಳಗೆ ಚಿಕ್ಕ ಬಂದರು, ಎದುರಿಗೆ ಜಲಸಂಧಿ, ಆಚೆಗೆ ಯೂಬಿಯಾ ದ್ವೀಪ.

ಈ ಕೋಟೆಯ ಮಹತ್ವವಿದ್ದುದು ಅನ್ನದ ರಕ್ಷಣೆಯಲ್ಲಿ. ಪರರ ಗರ್ವಭಂಗವನ್ನು ಶಿಲೆಯಲ್ಲಿ ನಿಲ್ಲಿಸಿದ ಅಥೆನ್ಸ್ ತಾನೇ ಮಿತಿಯನ್ನು ಮರೆಯಿತು. ಕ್ರಿ.ಪೂ. 415ರಲ್ಲಿ ದೂರದ ಸಿಸಿಲಿಯ ಮೇಲೆ ಕಳುಹಿದ ಮಹಾಸೇನೆಯು 413ರಲ್ಲಿ ನಿರ್ನಾಮವಾಯಿತು. ಅದೇ ವರ್ಷ ಸ್ಪಾರ್ಟದವರು ಡೆಕೆಲೀಯದಲ್ಲಿ ಬೀಡುಬಿಡಲು, ಯೂಬಿಯಾದಿಂದ ಆಹಾರ ಬರುತ್ತಿದ್ದ ಭೂಮಾರ್ಗವು ಮುಚ್ಚಿಹೋಯಿತು. ಬಳಿಕ ಆಹಾರವು ಹಡಗುಗಳಲ್ಲಿ, ಈ ತೀರವನ್ನು ಸುತ್ತಿಯೇ ಬರಬೇಕಾಯಿತು. ಆ ಜಲಮಾರ್ಗದ ಮೇಲೆ ಕಣ್ಣಿಡಲು ರಾಮ್ನೂಸಿಗಿಂತ ಯೋಗ್ಯವಾದ ನೆಲೆಗಳು ವಿರಳ.

ಕಾವಲಿದ್ದೂ ಅಂತ್ಯ ತಪ್ಪಲಿಲ್ಲ. ಕ್ರಿ.ಪೂ. 405ರಲ್ಲಿ ಅಥೆನ್ಸಿನ ನೌಕಾಪಡೆಯು ದೂರದ ಹೆಲೆಸ್ಪಾಂಟಿನಲ್ಲಿ ನಾಶವಾಗಿ, ಕಪ್ಪುಸಮುದ್ರದಿಂದ ಬರುತ್ತಿದ್ದ ಧಾನ್ಯವೂ ನಿಂತಿತು. ಮರುವರ್ಷ ಹಸಿದ ನಗರವು ಶತ್ರುವಿಗೆ ಶರಣಾಯಿತು.

ದೇವತೆಗೆ ಗುಡಿ ಕಟ್ಟುವುದು ಸುಲಭ. ಆಕೆ ಸಾರುವ ನೀತಿಗೆ ಮನದಲ್ಲಿ ಎಡೆಗೊಡುವುದು ಕಷ್ಟ. ಅನ್ಯರ ಸೊಕ್ಕು ಮುರಿದಾಗ ಹಿಗ್ಗುವವರು ತಮ್ಮ ಸೊಕ್ಕನ್ನೂ ಒಮ್ಮೆ ಅಳೆದು ನೋಡಿಕೊಳ್ಳಬೇಕೆಂಬುದೇ ರಾಮ್ನೂಸಿನ ಮುರಿದ ಕಲ್ಲುಗಳು ನಮಗೆ ಹೇಳುವ ಮಾತು.